ಎರವಲು ದನಿ

ನಮ್ಮೂರು ಸಂಶಿಯಲ್ಲಿ ನನ್ನನ್ನು ಹಾಡಲು ಕರೆಯುವವರು ಯಾರೂ ನನ್ನನ್ನು ಕೇಳಲು ಬರುವುದಿಲ್ಲ. ಕೃಷ್ಣಾಜಿ ಮಾಸ್ತರರನ್ನು ಕೇಳಲು ಬರುತ್ತಾರೆ. ಮಾಸ್ತರರು ತೀರಿಕೊಂಡು ಒಂಬತ್ತು ವರ್ಷವಾಯಿತು. ಪ್ರತಿ ಪುಣ್ಯತಿಥಿಗೆ ಅವರ ಮನೆಯ ಪಡಸಾಲೆಯಲ್ಲಿ, ಮಧ್ಯಾಹ್ನ ಮೂರಕ್ಕೆ, ನಾನು ಅವರ ಭೀಮಪಲಾಸಿ ರಾಗ ಹಾಡುತ್ತೇನೆ. ಗಂಡಸಿನ ಕಂಠ, ಹೆಂಗಸಿನ ಕಂಠ ಎಂಬ ವ್ಯತ್ಯಾಸವೊಂದು ಬಿಟ್ಟರೆ ಥೇಟ್ ಅವರೇ ಎಂದು ಜನ ತಲೆದೂಗುತ್ತಾರೆ. ನಲವತ್ತು ದಾಟಿದ ನನಗೆ ಈ ಹೊಗಳಿಕೆ ಕೇಳಿದರೆ ಮೈ ಉರಿಯುತ್ತದೆ.

ತಪ್ಪು ನನ್ನದೇ. ಹದಿನೇಳನೆಯ ವಯಸ್ಸಿಗೆ ಅವರ ಬಳಿ ಹೋದಾಗ ನನ್ನ ಗಂಟಲು ತೆರೆಯಲೇ ಇಲ್ಲ. ಒಂದು ವರ್ಷ, ದಿನಾ ಬೆಳಿಗ್ಗೆ, ಬರೀ ಷಡ್ಜ ಹಿಡಿದು ನನ್ನೊಂದಿಗೆ ಕೂತರು. ಬಿಟ್ಟುಬಿಡುತ್ತೇನೆ ಎಂದು ಅತ್ತ ದಿನ ಅವರು ಹೇಳಿದ್ದು ಇಷ್ಟೇ.

“ನಿನ್ನ ದನಿ ಬರ್ತದ ವೃಂದಾ. ಬರೂ ತನಕಾ ನಂದು ತಗೊಂಡು ಹಾಡು.”

ತೆಗೆದುಕೊಂಡೆ. ಹೆತ್ತ ಅಪ್ಪನಿಗಿಂತ ಹೆಚ್ಚು ಅವರ ಮೇಲೆ ಜೀವವಿತ್ತು ನನಗೆ. ಒಂದು ಚೂರೂ ಬಿಡದೆ ತೆಗೆದುಕೊಂಡೆ. ವಾಪಸು ಕೊಡು ಎನ್ನುವ ಮೊದಲೇ ಅವರು ಹೋಗಿಬಿಟ್ಟರು.

ಕಳೆದ ತಿಂಗಳು ನೇತ್ರಾಳಿಗೆ ಅದೇ ಭೀಮಪಲಾಸಿಯ ಚೀಜು ಹೇಳಿಕೊಡುತ್ತಿದ್ದೆ. ನೇತ್ರಾ ನಮ್ಮೂರಿನ ಟಪಾಲು ಹಂಚುವವಳು. ದಿನವಿಡೀ ಸೈಕಲ್ ತುಳಿದು ಸಂಜೆ ಪಾಠಕ್ಕೆ ಬರುತ್ತಾಳೆ. ಚೀಜಿನ ಎರಡನೆಯ ಭಾಗ ಅಂತರಾದಲ್ಲಿ ಮೇಲಿನ ಷಡ್ಜಕ್ಕೆ ಏರುವ ಮೊದಲು ನಿಷಾದದ ಮೇಲೆ ನಿಂತಳು, ಉಸಿರೆಳೆದಳು, ಆಮೇಲೆ ಏರಿದಳು.

“ಅಲ್ಲ್ಯಾಕ ನಿಂತಿ? ಉಸಿರು ಸಾಲಲಿಲ್ಲೇನು?”

“ಉಸಿರಿಗೇನಾಗೇತ್ರಿ ಅಕ್ಕಾರ. ನೀವು ನಿಲ್ತೀರಲ್ರಿ, ಅದಕ್ಕ ನಿಂತೆ.” ನೋಟುಬುಕ್ಕು ತೋರಿಸಿದಳು. ಆ ಜಾಗದಲ್ಲಿ ಪೆನ್ಸಿಲ್ಲಿನಿಂದ ಗೀಟು ಹಾಕಿಕೊಂಡಿದ್ದಳು.

ನಾನು ಯಾಕೆ ನಿಲ್ಲುತ್ತೇನೆ? ಮಾಸ್ತರರು ನಿಲ್ಲುತ್ತಿದ್ದರು. ಅವರು ಯಾಕೆ ನಿಲ್ಲುತ್ತಿದ್ದರು? ಆಗ ನೆನಪಾಯಿತು: ಅದೇ ಜಾಗದಲ್ಲಿ ಅವರ ಎಡಗೈ ಜೇಬಿನಲ್ಲಿದ್ದ ಉಬ್ಬಸದ ಪಂಪಿನ ಮೇಲೆ ಹೋಗುತ್ತಿತ್ತು. ಇಪ್ಪತ್ತು ವರ್ಷ ನಾನು ರಾಗದ ಸೊಗಸೆಂದು ಹಾಡಿಕೊಂಡು ಬಂದದ್ದು ಅವರ ಕಾಯಿಲೆಯನ್ನು. ಈಗ ಗಟ್ಟಿಮುಟ್ಟಾದ ಈ ಹುಡುಗಿಗೂ ಅಂಟಿಸಿದ್ದೇನೆ.

ಈ ಸಲದ ಪುಣ್ಯತಿಥಿಗೆ ಅಲ್ಲಿ ನಿಲ್ಲಬಾರದು, ಒಮ್ಮೆಯಾದರೂ ನನ್ನ ದನಿಯಲ್ಲಿ ಹಾಡಬೇಕು ಎಂದುಕೊಂಡೆ. ಎಂದುಕೊಂಡ ಮರುಕ್ಷಣ ಅವರ ಹೆಂಡತಿ ಅನ್ನಪೂರ್ಣಾಬಾಯಿ, ನಮ್ಮೆಲ್ಲರ ಕಾಕು, ಕಣ್ಣೆದುರು ಬಂದರು. ಪ್ರತಿವರ್ಷ ಕಂಬಕ್ಕೊರಗಿ ಕಣ್ಣು ಮುಚ್ಚಿ ಕೂರುತ್ತಾರೆ. ಮುಗಿದ ಮೇಲೆ, “ಅವರು ಅರ್ಧಾ ತಾಸು ಮನಿಯೊಳಗ ಇದ್ದು ಹೋಧಂಗಾತು ನೋಡು,” ಎನ್ನುತ್ತಾರೆ. ಆ ಅರ್ಧ ತಾಸನ್ನು ಕಿತ್ತುಕೊಳ್ಳಲು ನಾನು ಯಾರು?

ಪುಣ್ಯತಿಥಿಯ ದಿನ ಪ್ರಾಸ್ತಾವಿಕ ಮಾತಾಡಿದವರು ಮಾಸ್ತರರ ಹಳೆಯ ಅಭಿಮಾನಿ ಸಂಗನಬಸವ ಅವರು. ಪ್ರತಿವರ್ಷ ಅವರದೇ ಮಾತು. “ಅಂತರಾದಾಗ ಒಂದು ನಿಲುಗಡಿ ಬರ್ತೈತ್ರಿ. ಅದು ಮಾಸ್ತರ ಮುದ್ರಿ. ಲಕ್ಷ್ಯ ಕೊಟ್ಟು ಕೇಳ್ರಿ,” ಎಂದರು. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

ಹಾಡಿದೆ. ನಿಷಾದ ಬಂತು. ನಿಲ್ಲಲಿಲ್ಲ. ದನಿ ನೇರ ಷಡ್ಜಕ್ಕೆ ಹೋಗಿ ಅಲ್ಲೇ ತುಂಬಿ ನಿಂತಿತು. ಅದು ನನ್ನದು. ಮೊದಲ ಸಲ ಕೇಳುತ್ತಿದ್ದೆನಾದರೂ ಗುರುತು ಸಿಕ್ಕಿತು. ‘ವಾಹ್’ ಎನ್ನಲು ಸಂಗನಬಸವ ಅವರು ಎತ್ತಿದ್ದ ಕೈ ಎತ್ತಿದಂತೆಯೇ ಉಳಿಯಿತು. ಕಾಕು ಕಣ್ಣು ತೆರೆದರು.

ಮುಗಿಸಿದವಳೇ ಹೋಗಿ ಅವರ ಕಾಲು ಮುಟ್ಟಿದೆ. ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಅವರ ಕೆನ್ನೆ ತೋಯ್ದಿತ್ತು.

“ಲಗ್ನಾದ ವರ್ಷ ಹಿಂಗ ಹಾಡ್ತಿದ್ರು,” ಎಂದರು. “ಉಬ್ಬಸಾ ಬರೂಕಿಂತಾ ಮೊದಲ. ಅಲ್ಲೆ ನಿಲ್ತಿದ್ದಿಲ್ಲ. ಅಗದಿ ಹಿಂಗ, ಒಂದ ಉಸಿರಿಗೆ. ನನಗ ಮರತೇ ಹೋಗಿತ್ತು.” ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಇಷ್ಟು ದಿನಾ ಎಲ್ಲೆ ಇಟ್ಟಿದ್ದಿ ಅವರನ್ನ? ಬರೂ ವರ್ಷಾನೂ ಹಿಂಗ ಹಾಡವಾ.”

ಅದು ನನ್ನ ದನಿ ಕಾಕು ಎಂದು ಹೇಳಬೇಕಿತ್ತು.

“ಹೂಂ ಕಾಕು,” ಎಂದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ನೇತ್ರಾ ಆಗಲೇ ನೋಟುಬುಕ್ಕು ತೆರೆದು, ರಬ್ಬರಿನಿಂದ ಆ ಗೀಟನ್ನು ಅಳಿಸುತ್ತಿದ್ದಳು.