ಹಗೇವಿನೊಳಗೆ ರೋಮ್

"ರೋಮಿನ ರಾಜಾ ಉಂಡಿದ್ದು ನಮ್ಮ ಹಗೇವಿನ ಜ್ವಾಳದ ರೊಟ್ಟಿ" ಎಂದು ಶಿವಗಂಗವ್ವ ಚಿಮ್ಮಡದ ಅರ್ಧ ಊರಿಗೆ ಹೇಳಿಕೊಂಡು ತಿರುಗಿದ್ದಳು. ಮೊಮ್ಮಗಳು ಪ್ರೀತಿ ಜಮಖಂಡಿಯ ಕಾಲೇಜಿನಲ್ಲಿ ಇತಿಹಾಸದ ಎಂ.ಎ.ಗೆ ಸೇರಿದವಳು. ರೋಮ್ ಎಲ್ಲಿದೆ, ಅಲ್ಲಿಯವರು ತಿನ್ನುತ್ತಿದ್ದುದೇನು ಎಂದು ಅವಳು ಬಿಡಿಸಿ ಹೇಳಿದ ಮೇಲೆ ಮುದುಕಿ ತನ್ನ ಮಾತಿನಿಂದ ಒಂದು ಮೆಟ್ಟಿಲು ಇಳಿದಳು.

"ಅರ್ಧಾ ಸುಳ್ಳ ಐತಿ, ಒಪ್ಪಕೋತೇನಿ" ಎಂದಳು. "ರೋಮಿಂದು ಸುಳ್ಳು. ಜ್ವಾಳದ್ದು ಖರೆ."

ಈ ಮಾತಾಡುವಾಗ ಅಜ್ಜಿ ಮೊಮ್ಮಗಳು ಇಬ್ಬರೂ ಅದೇ ಹಗೇವಿನ ತಳದಲ್ಲಿ ಕೂತಿದ್ದರು. ಹಗೇವು ಎಂದರೆ ನೆಲದೊಳಗೆ ಕಲ್ಲು ಕಟ್ಟಿದ ಜೋಳದ ಕಣಜ. ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಕೆಳಗೆ ಮದುವೆಯ ಪಂಕ್ತಿ ಕೂರುವಷ್ಟು ಹೊಟ್ಟೆ. ಪಂಕ್ತಿಯ ಮಾತು ಶಿವಗಂಗವ್ವನದು. ನಾಲ್ಕು ಜನ ಕಾಲು ಚಾಚಿದರೆ ಗೋಡೆ ತಾಗುತ್ತಿತ್ತು. ಜೋಳ ಕಾಣದೆ ಎಷ್ಟೋ ವರ್ಷವಾದ ಈ ಹೊಟ್ಟೆಗೆ ನಾಳೆ ಗರಸು ಮಣ್ಣು ಸುರಿದು ಮುಚ್ಚುವವರಿದ್ದರು. ಮುಚ್ಚುವ ಮೊದಲು ಒಂದು ಸಲ ನೋಡಬೇಕು, ಫೋಟೊ ತೆಗೆಯಬೇಕು ಎಂದು ಪ್ರೀತಿ ಹಟ ಹಿಡಿದಿದ್ದಳು. ಸಾಮ್ರಾಜ್ಯಗಳು ಏಕೆ ಬೀಳುತ್ತವೆ ಎಂದು ಮರುದಿನ ತರಗತಿಯಲ್ಲಿ ಅವಳು ಮಾತಾಡಬೇಕಿತ್ತು.

ಅಪ್ಪ ಗೌರೀಶ ಹಿಂದಿನ ಸಂಜೆಯೇ ಹಾರೆ ಹಾಕಿ ಬಾಯಿಯ ಚಪ್ಪಡಿ ಸರಿಸಿ, ಕೆಟ್ಟ ಗಾಳಿ ಹೋಗಲಿ ಎಂದು ಬಿಟ್ಟಿದ್ದ. ತಾನು ಬರುವತನಕ ಯಾರೂ ಇಳಿಯಬಾರದು ಎಂದು ಹೇಳಿಯೇ ಮುಧೋಳದ ಕಚೇರಿಗೆ ಹೋಗಿದ್ದ.

"ನಾ ಇಳದ ಹಗೇವಿಗೆ ನನ್ನ ಮಗನ ಪರವಾನಗಿ ಬೇಕೇನು?" ಎಂದು ಶಿವಗಂಗವ್ವ ಸೀರೆಯ ಕಚ್ಚೆ ಬಿಗಿದಿದ್ದಳು. ಮೊದಲು ಹಗ್ಗಕ್ಕೆ ಕಟ್ಟಿ ಪಣತಿ ಇಳಿಸಿದಳು. ಅದು ಆರದೆ ಉರಿದ ಮೇಲೆಯೇ ಏಣಿ ಹಾಕಿದಳು. ಏಣಿಯ ತುದಿ ಬಾಯಿಗಿಂತ ಒಂದು ಮೊಳ ಕೆಳಗೆ ನಿಂತಿತು. ಜೋಳ ಇಟ್ಟ ಜಾಗಕ್ಕೆ ಚಪ್ಪಲಿ ಮೆಟ್ಟಿ ಇಳಿಯಬಾರದೆಂದು ಚಪ್ಪಲಿಗಳನ್ನು ಹಿತ್ತಲ ಬಾಗಿಲಲ್ಲೇ ಬಿಡಿಸಿದ್ದಳು. ಬಾಯಿಯ ಪಕ್ಕ ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಪ್ರೀತಿ ಮೊಬೈಲಿನಲ್ಲಿ ಗೋಡೆಯ ಫೋಟೊ ತೆಗೆಯುತ್ತಿದ್ದಾಗ ಮೇಲೆ ಹಾಡು ಕೇಳಿಸಿತು. ಹಾಡಿನ ಹಿಂದೆ ಟ್ರ್ಯಾಕ್ಟರ್. ಅದು ಗೋಡೆಯಾಚೆಯ ಮನೆಯ ಕಾಮಣ್ಣನದು, ಗೌರೀಶನ ಕಾಕಾನ ಮಗ. ಅವನ ಟ್ರ್ಯಾಕ್ಟರಿನ ಸ್ಪೀಕರ್ ಹಚ್ಚಿದರೆ ಬನಹಟ್ಟಿಯ ಮಗ್ಗಗಳೂ ಒಂದು ಗಳಿಗೆ ನಿಲ್ಲುತ್ತವೆ ಎನ್ನುವುದು ಶಿವಗಂಗವ್ವನ ಲೆಕ್ಕ.

ಕಾಮಣ್ಣ ಒಳ್ಳೆಯವನು. ತೆರೆದ ಹಗೇವನ್ನು ಕಂಡವರು ಮುಚ್ಚಿಯೇ ಮುಂದೆ ಹೋಗಬೇಕು, ಕರು ಬೀಳುತ್ತದೆ, ಕೂಸು ಬೀಳುತ್ತದೆ ಎಂದು ಹಿರಿಯರಿಂದ ಕಲಿತವನು. ಗೌರೀಶ ಮರೆತು ಹೋಗಿರಬೇಕೆಂದು ಚಪ್ಪಡಿಯನ್ನು ನೂಕಿ ಬಾಯಿಗೆ ಕೂರಿಸಿದ. ಕೆಳಗಿನ ಕೂಗು ಹಾಡಿನಲ್ಲಿ ಮುಳುಗಿತು. ಅಷ್ಟಕ್ಕೆ ಅವನಿಗೆ ಸಮಾಧಾನವಾಗಲಿಲ್ಲ. ಕಬ್ಬು ಹೇರಿದ ಎರಡು ಟ್ರೇಲರಿನಲ್ಲಿ ಹಿಂದಿನದನ್ನು ಬಿಚ್ಚಿ, ಅದರ ಗಾಲಿ ಸರಿಯಾಗಿ ಚಪ್ಪಡಿಯ ಮೇಲೆ ಬರುವಂತೆ ನಿಲ್ಲಿಸಿ, ಮುಂದಿನದನ್ನು ಎಳೆದುಕೊಂಡು ಫ್ಯಾಕ್ಟರಿಗೆ ಹೋದ.

ಹಾಡು ದೂರವಾಯಿತು. ಚಪ್ಪಡಿಯ ಅಂಚಿನಲ್ಲಿ ಉಗುರಿನಷ್ಟು ಬೆಳಕು ಉಳಿಯಿತು.

ಪ್ರೀತಿ ಏಣಿ ಹತ್ತಿ ಹೆಗಲು ಕೊಟ್ಟು ನೂಕಿದಳು. ಗುಡ್ಡ ನೂಕಿದಂತಾಯಿತು. ಮೊಬೈಲನ್ನು ಆ ಬೆಳಕಿನ ಗೆರೆಗೆ ಹಿಡಿದು ನೋಡಿದಳು, ನೆಟ್‌ವರ್ಕ್ ಇರಲಿಲ್ಲ. ಗಂಟಲು ಹರಿಯುವಂತೆ ಕೂಗಿದಳು. ಅವಳ ಕೂಗು ಗೋಡೆ ಸುತ್ತಿ ಅವಳ ಕಿವಿಗೇ ಬಂದು ಬಿತ್ತು.

"ಆಯಿ, ಕಾಮಣ್ಣ ಕಾಕಾ ಯಾವಾಗ ಬರ್ತಾನ?"

"ಫ್ಯಾಕ್ಟರಿ ಮುಂದ ಪಾಳೇ ಇರಲಿಲ್ಲ ಅಂದ್ರ ಸಂಜಿಕ. ಪಾಳೇ ಹತ್ತಿತಂದ್ರ ನಾಳೆ, ನಾಡದ."

"ಅಪ್ಪ? ಅವ್ವ?"

"ನಿಮ್ಮಪ್ಪ ಬರೂದು ರಾತ್ರಿಗೆ. ನಿಮ್ಮವ್ವ ಬನಹಟ್ಟಿಗೆ ತವರಮನಿಗೆ ಹೋಗ್ಯಾಳ. ನೀ ಜಮಖಂಡಿ ಬಸ್ ಹತ್ತೀದಿ ಅಂತ ತಿಳದಿರತಾಳ. ನಾ ಯಾರದರ ಕಟ್ಟಿ ಮ್ಯಾಲ ಕುಂತ ಯಾರದರ ಮನಿ ಮುರಿಯಾಕತ್ತೇನಿ ಅಂತ ಊರೆಲ್ಲಾ ತಿಳದಿರತೈತಿ. ಅಲ್ಲೀತನಕ ನಮ್ಮನ್ನ ಹುಡಕವರ ಇಲ್ಲ ಬಿಡು."

ಅವಳು ನಗುತ್ತಲೇ ಹೇಳಿದಳು. ಆದರೆ ಹೇಳಿದ್ದು ತನಗೂ ಕೇಳಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಒಳಗೆ ಸೆಕೆ ಏರುತ್ತಿತ್ತು. ಹಳೆಯ ಜೋಳದ ಮುಗ್ಗು ವಾಸನೆ ಮೂಗಿಗಲ್ಲ, ನಾಲಿಗೆಗೇ ಹತ್ತುತ್ತಿತ್ತು.

ಪ್ರೀತಿ ಬಗ್ಗಿ ಪಣತಿ ಊದಲು ಹೋದಳು.

"ಏ, ಆರಸಬ್ಯಾಡ."

"ಅದು ನಮ್ಮ ಗಾಳಿ ತಿಂತೈತಿ ಆಯಿ."

"ತಿನ್ನಲಿ. ಅದು ಉರಿಯೂತನಕ ನಾವು ಅದೀವಿ ಅಂತ ಗೊತ್ತಾಗತೈತಿ. ಅದನ್ನ ಆರಿಸಿ ಕತ್ತಲದಾಗ ಕುಂತ್ರ ಹೆಂಗ ಗೊತ್ತಾಗಬೇಕು?"

ಇಬ್ಬರೂ ಪಣತಿಯನ್ನು ನೋಡುತ್ತ ಕೂತರು. ಕುಡಿ ಮೊದಲಿನಷ್ಟು ಎತ್ತರವಿರಲಿಲ್ಲ. ಪ್ರೀತಿಯ ಉಸಿರು ಬೇಗ ಬೇಗ ಬರುತ್ತಿರುವುದು ಮುದುಕಿಗೆ ಕೇಳಿಸಿತು. ಹೆದರಿದ ಎಮ್ಮೆಕರುವಿನ ಮೈ ತಿಕ್ಕುವ ಹಾಗೆ ಅವಳ ಬೆನ್ನು ತಿಕ್ಕುತ್ತ, "ಹೇಳು. ಆ ರೋಮ್ ಯಾಕ ಬಿತ್ತು?" ಎಂದಳು.

"ಈಗೇನಬೇ ಅದು?"

"ನಾಳೆ ಹೇಳಾಕಿ ಹೌದಿಲ್ಲೋ? ಇವತ್ತ ನನ್ನ ಮುಂದ ಹೇಳು. ಸಣ್ಣ ದನಿಲೆ, ಗಾಳಿ ಉಳಿಸಿ ಹೇಳು."

ಪ್ರೀತಿ ಮೊಣಕಾಲು ಅಪ್ಪಿಕೊಂಡು ಹೇಳತೊಡಗಿದಳು. ರೋಮಿನ ಕಾಳು ಅಲ್ಲಿ ಬೆಳೆದದ್ದಲ್ಲ, ಸಮುದ್ರದಾಚೆ ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತಿತ್ತು. ಬೇರೆಯವರು ಆ ದಂಡೆ ಹಿಡಿದರು, ಹಡಗು ನಿಂತವು. ಬೀಳಲು ಇನ್ನೂ ನೂರು ಕಾರಣಗಳಿದ್ದವು, ಇದೂ ಒಂದು.

"ಅಂದ್ರ ಹಗೇವ ಬರಿದಾತು" ಎಂದಳು ಶಿವಗಂಗವ್ವ. "ಅದರ ಹಿಂದಿನವರು?"

"ಸುಮೇರ್ ಅಂತಿತ್ತು. ಎರಡು ಹೊಳಿ ನಡುವ. ಕಾಲಿವಿ ತೋಡಿ ನೀರ ಹಾಯಿಸಿ ಹಾಯಿಸಿ ನೆಲಾ ಉಪ್ಪೇರಿ ಸವಳಾತು. ಗೋಧಿ ಬೆಳೀಲಿಲ್ಲ."

"ನಮ್ಮ ಕಾಮಣ್ಣನ ತೆಗ್ಗಿನ ಹೊಲಾನ ಅದು. ಅವಗ ಹೇಳಿದ್ರ ಕೇಳವಲ್ಲ. ಮತ್ತ?"

"ಮಂಗೋಲರು. ಅಷ್ಟು ದೊಡ್ಡ ಸೀಮಿ ಯಾರೂ ಆಳಿರಲಿಲ್ಲ. ಮೊಮ್ಮಕ್ಕಳು ಹಂಚಕೊಂಡ್ರು, ಬಡದಾಡಿದ್ರು, ಚೂರ ಚೂರ ಆತು."

ಶಿವಗಂಗವ್ವನ ಕಣ್ಣು ಎದುರಿನ ಗೋಡೆಯ ಮೇಲ್ಭಾಗಕ್ಕೆ, ಕಲ್ಲು ಕಮಾನಾಗಿ ಬಾಗಿದ ಕಡೆಗೆ ಹೋಯಿತು. ಅದರ ಮೇಲೆ ಗೋಡೆಯಾಚೆಯ ಅಡುಗೆಮನೆ ಇತ್ತು. ಅಲ್ಲಿ ಅವಳ ನೆಗೆಣ್ಣಿ, ಮೈದುನನ ಹೆಂಡತಿ ಸೋಮವ್ವ ಇದ್ದಳು. ಅವಳು ಕಾಮಣ್ಣನ ತಾಯಿ.

ಪ್ರೀತಿಯೂ ಆ ಕಡೆ ನೋಡಿದಳು. "ಆಯಿ. ಅದು ಸಣ್ಣಾಯಿ ಅಡಗಿಮನಿ ಹೌದಲ್ಲ? ಆಕಿ ಮನ್ಯಾಗ ಇರತಾಳ. ತಟ್ಟಿದ್ರ ಕೇಳತೈತೇನು?"

"ಆಕಿಗೆ ಕಿವಿ ಇಲ್ಲ."

"ಕಿವಿ ಛಲೋ ಅದಾವ. ನಿನ್ನೆ ಬಾಗಲದಾಗ ನಾ ಮೆಲ್ಲಕ ಅಂದದ್ದಕ್ಕ ಒಳಗಿಂದ ಜವಾಬ ಕೊಟ್ಟಾಳ."

"ನನ್ನ ದನಿಗೆ ಇಲ್ಲ ಅಂದೆ."

ಇಬ್ಬರು ನೆಗೆಣ್ಣಿಯರೂ ಮಾತು ಬಿಟ್ಟದ್ದು ಗೌರೀಶನಿಗೆ ಮೀಸೆ ಮೂಡುವ ಮೊದಲು. ಅತ್ತೆ ತೀರಿಕೊಂಡ ವರ್ಷ ಅಣ್ಣತಮ್ಮಂದಿರು ಮನೆ ಹಂಚಿಕೊಂಡರು, ನಡುವೆ ಗೋಡೆ ಎದ್ದಿತು. ಹಗೇವಿನ ಹೊಟ್ಟೆ ಎರಡೂ ಮನೆಗಳ ಕೆಳಗಿತ್ತು, ಬಾಯಿ ಮಾತ್ರ ಹಿತ್ತಲ ಗಡಿಯ ಮೇಲೆ. ಬಾಯಿ ನನ್ನದು ಎಂದು ಶಿವಗಂಗವ್ವ, ನನ್ನದು ಎಂದು ಸೋಮವ್ವ. ನಿನ್ನದು ಎಂದು ಯಾರಾದರೂ ಒಬ್ಬಳು ಹೇಳುವತನಕ ಇದಕ್ಕೆ ಕಾಳು ಬೀಳಬಾರದು ಎಂದಾಯಿತು. ಕಾಳು ಬೀಳಲೇ ಇಲ್ಲ. ಮಕ್ಕಳು ಗೋಡೆ ದಾಟಿ ಉಂಡು ಆಡಿ ಬೆಳೆದರು, ಇವರಿಬ್ಬರ ಗಡಿ ಹಾಗೆಯೇ ನಿಂತಿತು.

"ಅತ್ತಿದು ದೊಡ್ಡ ಸಾಮ್ರಾಜ್ಯ" ಎಂದಳು ಮುದುಕಿ, ತನಗೇ ಹೇಳಿಕೊಂಡ ಹಾಗೆ. "ಆಕಿ ಸೊಂಟದಾನ ಕೀಲಿ ಸಪ್ಪಳಾದ್ರ ಬೀಳಗಿ ಸಂತ್ಯಾಗಿನ ಎತ್ತ ಸೈತ ಬೆದರತಿದ್ವು. ನಾವಿಬ್ಬರು ಸೊಸ್ತೇರ. ಬಡಕಲ ನಾನು, ಇಲ್ಲಿ ಇಳದ ಜ್ವಾಳಾ ತುಂಬಾಕಿ. ಆಕಿ ಮ್ಯಾಲ ಅಡಗಿ ಮಾಡಾಕಿ. ಬಳಿಗಾರ ಬಂದ್ರ ಕೊಡಾಕ ಒಂದ ಉಡಿ ಜ್ವಾಳಾ ಕದೀತಿದ್ವಿ. ನಾ ಇಲ್ಲಿಂದ ಕಲ್ಲಲೆ ಎರಡ ಸಲ, ತಡದ ಮತ್ತೊಂದ ಸಲ ಕುಟ್ಟಿ ಕೇಳಬೇಕು, ಅತ್ತಿ ಅದಾಳೇನು ಅಂತ. ಆಕಿ ಮ್ಯಾಲಿಂದ ಒಂದ ಸಲ ಕುಟ್ಟಿದ್ಲಂದ್ರ ಅದಾಳ, ಸುಮ್ಮಕಿರು. ಎರಡ ಸಲ ಕುಟ್ಟಿದ್ಲಂದ್ರ ಇಲ್ಲ, ತಗೊಂಡ ಬಾ."

"ಕುಟ್ಟು ಮತ್ತ."

"ಒಲ್ಲೆ."

"ಆಯಿ."

"ಸಾಯತೇನಿ ಖರೆ, ಆಕಿನ್ನ ಕರಿಯಾಂಗಿಲ್ಲ. ನಾಳೆ ಊರಾಗ ಏನಂತಾಳ ಗೊತ್ತನ? ಹಗೇವಿನ ಬಾಯಿ ತನ್ನದ ಅಂದಾಕಿ ಅದರ ಹೊಟ್ಟ್ಯಾಗ ಬಿದ್ದ ನನ್ನ ಕೂಗಿದ್ಲು ಅಂತಾಳ."

ಪಣತಿಯ ಕುಡಿ ಬೆರಳ ತುದಿಯಷ್ಟಾಗಿತ್ತು. ಪ್ರೀತಿಯ ಹಣೆ ಬೆವರಿ ಕೂದಲು ಅಂಟಿಕೊಂಡಿತ್ತು. ಒಂದೊಂದು ಮಾತಿಗೂ ನಿಂತು ಉಸಿರೆಳೆದು ಹೇಳಿದಳು:

"ವಿಜಾಪುರದವರು, ಗೋಲ್ಕೊಂಡಾದವರು ನೆಗೆಣ್ಣ್ಯಾರ ಇದ್ದಂಗ. ಒಂದ ಮನಿ ಒಡದ ಐದ ಮನಿ ಆದಾಗಿನ ಇಬ್ಬರು. ದಿಲ್ಲಿ ದಂಡ ಬಂತು. ಮೊದಲ ವಿಜಾಪುರ ಬಿತ್ತು. ಮುಂದಿನ ವರ್ಷ ಗೋಲ್ಕೊಂಡಾ ಬಿತ್ತು."

"ಜೋಡಿ ಆಗಿದ್ರ ಗೆಲ್ಲತಿದ್ರೇನು?"

"ಗೊತ್ತಿಲ್ಲ ಆಯಿ. ಯಾರಿಗೂ ಗೊತ್ತಿಲ್ಲ. ನನಗ ಉಸರ ಹಿಡ್ಯಾಕತ್ತೈತಿ."

ಶಿವಗಂಗವ್ವ ಮೊಮ್ಮಗಳ ಮುಖ ನೋಡಿದಳು. ತುಟಿಗಳ ಬಣ್ಣ ದೀಪದಲ್ಲಿ ತಿಳಿಯುತ್ತಿರಲಿಲ್ಲ. ಗಾಳಿ ನಿಜವಾಗಿ ಮುಗಿಯುತ್ತಿದೆಯೋ, ಹುಡುಗಿಗೆ ಹೆದರಿಕೆಯೇ ಉಸಿರು ಕಟ್ಟಿಸುತ್ತಿದೆಯೋ, ಅದೂ ತಿಳಿಯುತ್ತಿರಲಿಲ್ಲ. ತನ್ನ ಎದೆಯ ಮೇಲೂ ಯಾರೋ ಚೀಲ ಹೇರಿದ ಹಾಗಾಗಿತ್ತು. ಜೀವಮಾನವಿಡೀ ಒಂದನ್ನು ಹತ್ತು ಮಾಡಿ ಹೇಳಿದವಳಿಗೆ ಈಗ ಇದ್ದುದನ್ನು ಇದ್ದಷ್ಟೇ ಅಳೆಯಲು ಬರಲಿಲ್ಲ.

ಅವಳು ಗೋಡೆ ಹಿಡಿದು ಎದ್ದಳು. ಮೂಲೆಯಲ್ಲಿ ಒಂದು ಗುಂಡುಕಲ್ಲು ಬಿದ್ದಿತ್ತು, ಆಗಿನದೇ. ಕೈಗೆ ತೆಗೆದುಕೊಂಡಾಗ ಅದು ಮೊದಲಿಗಿಂತ ಭಾರವಾಗಿತ್ತು.

"ಏಣಿ ಈ ಕಡೆ ಹಚ್ಚು" ಎಂದಳು. ಪ್ರೀತಿ ಏಣಿ ಹಿಡಿದಳು, ಮುದುಕಿ ಕಮಾನಿನ ಕೆಳಗಿನತನಕ ಹತ್ತಿದಳು. ಎರಡು ಸಲ ಕುಟ್ಟಿದಳು, ತಡೆದಳು, ಮತ್ತೆ ಒಂದು ಸಲ. ಮಣ್ಣು ಉದುರಿ ಅವಳ ಬಾಯಿಗೆ ಬಿತ್ತು.

ಕಾದರು. ಮೇಲೆ ಏನೂ ಇಲ್ಲ.

"ಮತ್ತೊಮ್ಮಿ" ಎಂದಳು ಪ್ರೀತಿ.

ಮತ್ತೊಮ್ಮೆ ಕುಟ್ಟಿದಳು. ಈ ಸಲ ಮೇಲೆ ಪಾತ್ರೆಯೊಂದು ಬಿದ್ದ ಸಪ್ಪಳವಾಯಿತು. ಬಿದ್ದ ಪಾತ್ರೆ ತಿರುಗಿ ತಿರುಗಿ ನಿಂತಿತು. ಮೇಲಿನವಳಿಗೆ ಕೇಳಿಸಿದೆ ಎಂದು ಶಿವಗಂಗವ್ವನಿಗೆ ತಿಳಿಯಿತು. ಕೇಳಿಸಿಯೂ ಸುಮ್ಮನಿದ್ದಾಳೆ ಎಂದೂ ತಿಳಿಯಿತು. ಆ ಕುಟ್ಟು ಲೋಕದಲ್ಲಿ ಇಬ್ಬರಿಗೇ ಗೊತ್ತಿದ್ದದ್ದು.

ಕೆಳಗೆ ಪಣತಿ ಒಂದು ಸಲ ಬಾಗಿ, ಹೊಗೆಬಿಟ್ಟು, ಆರಿತು.

"ಆಯಿ" ಎಂದಳು ಪ್ರೀತಿ ಕತ್ತಲಲ್ಲಿ.

"ಎಣ್ಣಿ ತೀರಿರಬೇಕು" ಎಂದಳು ಶಿವಗಂಗವ್ವ. ಎಣ್ಣೆಯನ್ನು ಅವಳೇ ಅಂಚಿನತನಕ ತುಂಬಿದ್ದಳು.

ಆಗ ಅವರ ತಲೆಯ ಮೇಲೆ, ಕಲ್ಲಿನಾಚೆ, ಒನಕೆಯ ಬುಡದಿಂದ ಯಾರೋ ನೆಲ ಕುಟ್ಟಿದರು. ಒಂದು ಸಲ.

ಒಂದು ಸಲ ಎಂದರೆ ಸುಮ್ಮನಿರು ಎಂದು.

ತಡೆದು, ಇನ್ನೊಂದು ಸಲ ಕುಟ್ಟಿದರು.

ಶಿವಗಂಗವ್ವ ಏಣಿಗೆ ಹಣೆ ಹಚ್ಚಿದಳು. ಮೇಲೆ ಬಾಗಿಲು ತೆರೆದ ಸಪ್ಪಳ, ಹಿತ್ತಲಿಗೆ ಬರುವ ಹೆಜ್ಜೆ, ಓಣಿಯ ಗಂಡಸರನ್ನು ಹೆಸರು ಹಿಡಿದು ಕರೆಯುವ ಸೋಮವ್ವನ ದೊಡ್ಡ ದನಿ. ಓಡಿಬಂದವರು ನೂಕಿದ್ದಕ್ಕೆ ಕಬ್ಬಿನ ಟ್ರೇಲರ್ ಕಿರುಗುಟ್ಟಿ ಒಂದಿಷ್ಟು ಸರಿಯಿತು. ಆಮೇಲೆ ಬೆಳಕಿನ ಗೆರೆ ಅಳಿಸಿತು. ಯಾರೋ ಅಲ್ಲಿ ಬಗ್ಗಿ ಕೂತಿದ್ದರು. ಉಬ್ಬಸದ ಉಸಿರು ಕೇಳಿಸುತ್ತಿತ್ತು, ಮಾತು ಇನ್ನೂ ಬಂದಿರಲಿಲ್ಲ.

"ತಗೀತಾಳೇನು ಆಯಿ?"

"ತಗೀತಾಳ" ಎಂದು ಮುದುಕಿ ಪಿಸುಗುಟ್ಟಿದಳು. ದನಿಯಲ್ಲಿ ಹಳೆಯ ತುಂಟತನ ಸ್ವಲ್ಪ ಮರಳಿತ್ತು. "ಆದ್ರ ತಗಿಯೂ ಮೊದಲ, ಗೋಡಿ ಎದ್ದಾಗಿಂದು ಒಂದ ಮಾತ ಕೇಳತಾಳ. ಅದನ್ನ ಕೇಳದ ಬಿಟ್ರ ಆಕಿ ಸೋಮಿ ಅಲ್ಲ. ಅದಕ್ಕ ಕೊಡೂ ಉತ್ತರಾ ನಾ ಏಣಿ ಹತ್ತೂಮುಂದನ ಬಾಯಾಗ ಇಟಗೊಂಡೇನಿ. ಇಷ್ಟ ರಾಜ್ಯಾ ಬಿದ್ದದ್ದ ಓದೀದಿ, ಶಾಣ್ಯಾಕಿ. ಹೇಳ ನೋಡೂಣು, ಆಕಿ ಏನ ಕೇಳತಾಳ, ನಾ ಏನ ಅಂತೇನಿ?"