ತಿಪ್ಪೇರುದ್ರ ಬಿಟ್ಟುಹೋದ ತುದಿ

೧
ಎಲ್ಲಿಂದ ಶುರು ಮಾಡಲಿ? ಸಾವಿನಿಂದ ಶುರು ಮಾಡಿದರೆ ಓದುವವರು ಮೊದಲೇ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ; ಆಮೇಲೆ ಯಾವ ತಮಾಷೆಗೂ ನಗುವುದಿಲ್ಲ. ಹುಟ್ಟಿನಿಂದ ಶುರು ಮಾಡಿದರೆ ಸನ್ಮಾನಪತ್ರವಾಗುತ್ತದೆ. ಮೈಕ್ ಟೆಸ್ಟಿಂಗಿನಿಂದ ಶುರು ಮಾಡುತ್ತೇನೆ.

ಚಳ್ಳಕೆರೆಯಲ್ಲಿ ಗಣೇಶನ ಪೆಂಡಾಲು. ತಿಪ್ಪೇರುದ್ರನ ಮೊದಲ ಕಛೇರಿ. ಅವನ ಮುಂದೆ ಒಂದು ಮುರುಕು ಹಾರ್ಮೋನಿಯಂ, ಕಡಲೆಕಾಯಿ ಮಿಲ್ಲಿನವರು ಎಸೆದ ಜರಡಿ, ಬೈಕಿನ ಕ್ಲಚ್ ಕೇಬಲ್ ಬಿಗಿದ ಎಣ್ಣೆ ಡಬ್ಬ, ಸಾಲಾಗಿ ತೂಗುಬಿಟ್ಟ ಕುರಿಗಂಟೆಗಳು. ಎಲ್ಲವನ್ನೂ ಅವನೊಬ್ಬನೇ ನುಡಿಸಿದ: ಕೈಯಿಂದ, ಕಾಲಿಂದ, ಒಂದೊಂದು ಸಲ ಗದ್ದದಿಂದ. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದು ಕೈ ಮುಗಿದ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಮೈಕ್ ಟೆಸ್ಟ್ ಮುಗೀತೇನಪ್ಪ? ಇನ್ನ ಶುರು ಮಾಡು."

"ಹಿರೇರೂ ಅಲ್ಲ, ಗಿರೇರೂ ಅಲ್ಲ. ಅಂದಿದ್ದು ನಾನು," ಅನ್ನುತ್ತಾನೆ ಗೌಸ್ ಪೀರ್. (ಚಳ್ಳಕೆರೆಯ ಬೈಕ್ ಮೆಕ್ಯಾನಿಕ್. ತಿಪ್ಪೇರುದ್ರ ಕೇಳಿದ ವಿಚಿತ್ರಗಳನ್ನೆಲ್ಲ ವೆಲ್ಡ್ ಮಾಡಿಕೊಟ್ಟ ಗೆಳೆಯ. ಕಥೆಯೊಳಗೆ ಕೂತು ಕಥೆಗೇ ಬಾಯಿ ಹಾಕುವುದು ಅವನ ಚಾಳಿ.) "ಅವ್ನು ಅಳಂಗಾಗಿದ್ದ, ನಗಿಸಾಣ ಅಂತ ಅಂದೆ. ಬರೆಯಂಗಿದ್ರೆ ನೆಟ್ಟಗೆ ಬರೀರಿ ಮೇಡಂ."

ಆಯಿತು. ನೆಟ್ಟಗೆ.

೨ (ಕೈಬಿಟ್ಟದ್ದು)
ಇಲ್ಲಿ ಕಲಾವಿದನ ಬಾಲ್ಯ ಇತ್ತು. 'ಮಗ್ಗದ ಲಯ ಅವನ ನಾಡಿಯಲ್ಲಿ ಮಿಡಿಯಿತು' ಎಂಬ ವಾಕ್ಯ ಓದಿ ನನಗೇ ನಾಚಿಕೆಯಾಗಿ ಪೂರ್ತಿ ಹೊಡೆದುಹಾಕಿದೆ.

೨
ಉಳಿದದ್ದು ಇಷ್ಟು. ತಿಪ್ಪೇರುದ್ರನ ತಾಯಿ ಕೊಲ್ಲಾಪುರಮ್ಮ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುತ್ತಾಳೆ. ಅವಳ ಮಗ್ಗ ನಿಂತರೆ ತೊಟ್ಟಿಲ ಕೂಸು ಎದ್ದು ಅಳುತ್ತಿತ್ತಂತೆ. ಬೆಳೆದ ಮೇಲೆ ಅವನು ಚಳ್ಳಕೆರೆಗೆ ಬಂದು ಎಣ್ಣೆ ಮಿಲ್ಲು ಸೇರಿದ. ಗುರು ಇರಲಿಲ್ಲ, ಸ್ವರ ಬರೆಯಲು ಬರುತ್ತಿರಲಿಲ್ಲ. ಯಾರ ಹತ್ತಿರ ಕಲಿತೆ ಎಂದು ಕೇಳಿದವರಿಗೆ "ಕೆಟ್ಟೋದ ಸಾಮಾನುಗಳ ಹತ್ರ" ಅನ್ನುತ್ತಿದ್ದ.

ಮೊದಮೊದಲು ಫೋನಿನಲ್ಲಿ, ಆಮೇಲೆ ಒಂದು ಸಣ್ಣ ರೆಕಾರ್ಡರಿನಲ್ಲಿ ತನ್ನ ವಾದ್ಯಗಳನ್ನು ಒಂದೊಂದಾಗಿ ನುಡಿಸಿ, ಒಂದರ ಮೇಲೊಂದು ಕೂರಿಸಿ, ಇಂಟರ್ನೆಟ್ಟಿಗೆ ಬಿಡುತ್ತಿದ್ದ. ಊರಿನಲ್ಲಿ ಕೇಳುವವರಿಲ್ಲ. ಎಲ್ಲೋ ದೂರದ ದೇಶಗಳಲ್ಲಿ ಒಬ್ಬಿಬ್ಬರು, ಬೆಂಗಳೂರಿನಲ್ಲಿ ಗೋವರ್ಧನ ಎಂಬವನು. ಈ ಗೋವರ್ಧನ ಸಣ್ಣದೊಂದು ಸಂಗೀತ ಕಂಪನಿ ನಡೆಸುತ್ತಾನೆ. ತಿಪ್ಪೇರುದ್ರನ ಅಷ್ಟೂ ರಚನೆಗಳನ್ನು ಸೇರಿಸಿ ರೆಕಾರ್ಡ್ ತರುತ್ತೇನೆ ಎಂದ. ಅಷ್ಟು ವರ್ಷ ದುಡಿದದ್ದಕ್ಕೆ ಅದೊಂದೇ ಗುರುತು.

೩
ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೊಲ್ಲಾಪುರಮ್ಮ ಸೀರೆ ಮುಗಿದಾಗ ಪೂರ್ತಿ ಕತ್ತರಿಸುವುದಿಲ್ಲ. ಹಳೆಯ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ, ಒಂದು ಗೇಣು ಎಳೆಗಳನ್ನು ಮಗ್ಗದಲ್ಲೇ ಬಿಡುತ್ತಾಳೆ. ಹೊಸ ಹಾಸು ಬಂದಾಗ ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಎಳೆಗೆ ಹೊಸ ಎಳೆ ಹೊಸೆದು ಸೇರಿಸುತ್ತಾಳೆ. ಇದಕ್ಕೆ ಕೆಚ್ಚುವುದು ಅನ್ನುತ್ತಾರೆ.

ಮಗನೂ ಹಾಗೇ ಮಾಡಿದ. ಪ್ರತಿ ರಚನೆಯ ಕೊನೆಯ ತುಣುಕು ಮುಂದಿನ ರಚನೆಯ ಮೊದಲ ತುಣುಕು. ಯಾವುದಕ್ಕೂ ಮುಕ್ತಾಯವಿಲ್ಲ. ಒಂದರ ತುದಿ ಇನ್ನೊಂದರ ಬಾಯಿಯಲ್ಲಿ.

೪
ಅವನು ಹೋದದ್ದು ಮಿಲ್ಲಿನಲ್ಲಿ, ಹಗಲಿನ ಪಾಳಿಯಲ್ಲಿ. ಎದೆ ಹಿಡಿದುಕೊಂಡ, ಮೂಟೆಯ ಮೇಲೆ ಕೂತ. ಅಷ್ಟೆ.

(ಈ ಭಾಗಕ್ಕೆ ಬೇರೆ ಡ್ರಾಫ್ಟ್ ಇಲ್ಲ.)

೫
ಈಗ ಶೈಲಜಾ ಬರಬೇಕು. ತಿಪ್ಪೇರುದ್ರನ ಹೆಂಡತಿ. ಅವಳನ್ನು ಕಿಟಕಿಯ ಪಕ್ಕ ಕೂರಿಸಿ ಹೊರಗೆ ನೋಡುವಂತೆ ಬರೆದಿದ್ದೆ.

"ನಮ್ಮನೆ ಕಿಟಕಿ ಬಿಚ್ಚಿದ್ರೆ ಪಕ್ಕದ ಮನೆ ಗೋಡೆ ಕಾಣ್ತೈತೆ," ಎಂದಳು. "ಗೋಡೆ ನೋಡ್ತಾ ಕೂತಿದ್ಲು ಅಂತ ಬರೀತೀರಾ?"

ಕಿಟಕಿ ತೆಗೆದೆ. ಅವಳು ಅಡುಗೆಮನೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅವನ ಕೊನೆಯ ರೆಕಾರ್ಡಿಂಗ್ ಕೇಳುತ್ತಿದ್ದಳು. ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನ ಅಂಚಿನಲ್ಲಿ ಎರಡು ಜಾಲಿಮರಗಳ ನಡುವೆ ಅವನು ಉದ್ದದ ತಂತಿ ಬಿಗಿದಿದ್ದ, ಗಾಳಿಯೇ ನುಡಿಸಲಿ ಎಂದು. ರೆಕಾರ್ಡಿಂಗಿನ ತುಂಬ ಆ ತಂತಿಯ ಗುಂಯ್ ಶಬ್ದ. ಕೊನೆಗೆ ಒಂದು ಕುರಿಗಂಟೆ. ಒಂದು ಕೆಮ್ಮು. ಆಮೇಲೆ ಒಂದು ಹೆಣ್ಣುದನಿ: "ಸಾಕು ಬರ್ರಿ, ಮುದ್ದೆ ಆರ್ತೈತೆ."

ಅಲ್ಲಿಗೆ ತುಂಡಾಗುತ್ತದೆ.

ಆ ದನಿ ಶೈಲಜಾಳದು. ಆದರೆ ಶೈಲಜಾ ಆ ಕಾವಲಿಗೆ ಯಾವತ್ತೂ ಕಾಲಿಟ್ಟವಳಲ್ಲ.

"ಮನ್ಯಾಗೆ ಯಾವಾಗೋ ಹಿಡ್ಕಂಡು ಆಮೇಲೆ ಅಂಟಿಸಿರ್ತಾನೆ ಭಾಬಿ," ಎಂದ ಗೌಸ್ ಪೀರ್. "ಅವ್ನು ನನ್ ಅಂಗಡಿ ಶಟರ್ ಎಳೆಯದನ್ನೂ ಬಿಟ್ಟೋನಲ್ಲ."

ಇರಬಹುದು. ದಿನಾ ಆಡುವ ಮಾತೇ ಅದು. ಅವನು ಕೇಳಿಸಿಕೊಂಡಿದ್ದ, ಇಟ್ಟುಕೊಂಡಿದ್ದ, ತನ್ನನ್ನೇ ಕರೆಯುತ್ತಿರುವುದನ್ನು ಕೊನೆಯಲ್ಲಿ ಸೇರಿಸಿದ್ದ. ಕೆಮ್ಮೂ ಅವನದೇ ಎಂದು ಅವಳು ಅಂದುಕೊಂಡಳು. ಎಷ್ಟು ಸಲ ಕೇಳಿದಳೋ.

೬
ಶೈಲಜಾಳಿಗೆ ಗೋವರ್ಧನನ ಫೋನು.

"ಮೇಡಂ, ಕೊನೇ ಪೀಸ್‌ನಲ್ಲಿ ಒಂದು ಲೇಡಿ ವಾಯ್ಸ್ ಬಂದ್ಬಿಟ್ಟಿದೆ. ಮಿಸ್ಟೇಕ್ ಇರಬೇಕು. ಅದಕ್ಕಿಂತ ಮುಂಚೆ ಫೇಡ್ ಮಾಡಿಬಿಡ್ಲಾ? ಮೆಲ್ಲಗೆ ಸೌಂಡ್ ಇಳಿಸಿಬಿಟ್ರೆ ಕೇಳೋರಿಗೆ ಗೊತ್ತೇ ಆಗಲ್ಲ."

"ಅದು ನನ್ ದನಿ."

"ಓ. ಸಾರಿ. ಆದ್ರೂ ಎಂಡಿಂಗ್ ಅಂತ ಒಂದು ಬೇಕಲ್ವಾ? ಹೀಗೆ ತುಂಡಾದ್ರೆ ಫೈಲ್ ಕೆಟ್ಟಿದೆ ಅಂತಾರೆ. ನೀವೇ ಏನಾದ್ರೂ ಕಳಿಸಿದ್ರೆ ಸೇರಿಸ್ತೀನಿ. ಇಲ್ಲಾಂದ್ರೆ ಫೇಡ್. ಅದೂ ಬೇಡ ಅಂದ್ರೆ ರೆಕಾರ್ಡ್ ತರೋದು ಕಷ್ಟ."

(ಗೋವರ್ಧನನನ್ನು ಖಳನಾಯಕ ಮಾಡಲು ನೋಡಿದೆ. ಆಗಲಿಲ್ಲ. ಅವನು ಒಳ್ಳೆಯವನು. ಮುಕ್ತಾಯ ಬೇಕು ಅನ್ನುವವರೆಲ್ಲ ಒಳ್ಳೆಯವರೇ.)

ಶೈಲಜಾ ಬಸ್ಸು ಹತ್ತಿ ಮೊಳಕಾಲ್ಮುರಿಗೆ ಹೋದಳು. ಅತ್ತೆಯ ಕಿವಿಗೆ ಇಯರ್‌ಫೋನ್ ಇಟ್ಟಳು. ಕೊಲ್ಲಾಪುರಮ್ಮ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಕೊನೆಯವರೆಗೆ ಕೇಳಿದಳು. ಅಳಲಿಲ್ಲ.

"ತುದಿ ಬಿಟ್ಟವ್ನೆ. ಕೆಚ್ಚೋದು ನೀನು."

"ನಂಗೆಲ್ಲಿ ಬರ್ತೈತೆ ಅತ್ತೆ, ಅದೆಲ್ಲ?"

"ಅಮ್ಮಾಯಿ, ಬರಾದು ಏನೈತೆ? ಹಳೇದು ಆ ಕಡೆಯಿಂದ ಬರ್ತೈತೆ, ಹೊಸದು ಈ ಕಡೆಯಿಂದ. ನಡುಮಧ್ಯೆ ನೀನಿದ್ರೆ ಆತು." ಲಾಳಿ ಎಸೆಯಲು ಹೋದವಳು ನಿಲ್ಲಿಸಿದಳು. "ಆ ದನಿ ನಿಂದು, ಸರಿ. ಆದ್ರೆ ಯಾರನ್ನ ಕರೀತಿದೀಯ?"

"ಅವ್ರನ್ನೇ. ಇನ್ಯಾರ್ನ?"

ಅತ್ತೆ ಮಗ್ಗ ಶುರು ಮಾಡಿದಳು.

೭
ಆಕಾಶದಲ್ಲಿ ಮೋಡ, ಜಾಲಿಮರದಲ್ಲಿ ಗೂಬೆ, ದೂರದಲ್ಲಿ ಬೊಗಳುವ ನಾಯಿ. ಕಾವಲಿನ ದೃಶ್ಯಕ್ಕೆ ಹೀಗೆ ಜೋಡಿಸಿದ್ದೆ.

"ಬಿಸ್ಲು ಅಂತ ಬರೀರಿ," ಎಂದಳು ಶೈಲಜಾ. "ನೆತ್ತಿ ಮ್ಯಾಲೆ ಬಿಸ್ಲು. ಏನೇನೂ ಇರಲಿಲ್ಲ. ಅದಕ್ಕೇ ಭಯ."

ಸರಿ. ಬಿಸಿಲು. ಗೌಸ್ ಪೀರ್ ಬೈಕಿನಲ್ಲಿ ಅವಳನ್ನು ಕಾವಲಿಗೆ ಕರೆತಂದ. ಗಾಳಿಯ ಒಂದಷ್ಟು ತಂತಿನಾದ ಹಿಡಿದು ಗೋವರ್ಧನನಿಗೆ ಕಳಿಸಿದರಾಯಿತು, ಅದೇ ಎಂಡಿಂಗ್ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಕಣ್ಣು ಹಾಯುವಷ್ಟೂ ಒಣಹುಲ್ಲು. ಆಚೆ, ಯಾವುದೋ ಸರ್ಕಾರಿ ಸಂಸ್ಥೆಯ ಉದ್ದನೆಯ ಗೋಡೆ. ತಂತಿ ಹಾಗೇ ಇತ್ತು, ಕೊಂಚ ಸಡಿಲಾಗಿ.

"ಬಿಗಿ ಮಾಡ್ತೀನಿ ತಡೀರಿ," ಎಂದು ಗೌಸ್ ಪೀರ್ ಸ್ಪ್ಯಾನರ್ ಹಿಡಿದು ದೂರದ ಮರಕ್ಕೆ ಹೋದ. ಶೈಲಜಾ ಈ ಕಡೆಯ ಮರದ ಬುಡದಲ್ಲಿ ರೆಕಾರ್ಡರ್ ಇಟ್ಟಳು. ಒತ್ತಿದಳು. ಕೆಂಪು ದೀಪ ಹತ್ತಿತು.

ತಂತಿ ಗುಂಯ್ ಎಂದಿತು. ಆಮೇಲೆ ಹುಲ್ಲು ಬಾಗಿತು.

(ಇದನ್ನು ತಿರುಗಿಸಿ ಬರೆದಿದ್ದೆ: ಮೊದಲು ಹುಲ್ಲು ಬಾಗಿ, ಆಮೇಲೆ ತಂತಿ ಎಂದು. ಗಾಳಿ ಬಂದರೆ ತಾನೇ ತಂತಿ? "ಇಲ್ಲ," ಎಂದಳು ಶೈಲಜಾ. "ತಂತಿ ಮೊದ್ಲು. ಪ್ರತಿ ಸಲ.")

ಅವಳು ಬುತ್ತಿ ಬಿಚ್ಚಿದಳು. ಮುದ್ದೆ, ಸೊಪ್ಪಿನ ಸಾರು. ತಟ್ಟೆ ಜೋಡಿಸಿದಳು. ಗೌಸ್ ಪೀರ್ ಇನ್ನೂ ತಂತಿಯ ಜೊತೆ ಗುದ್ದಾಡುತ್ತಿದ್ದ. ಎಲ್ಲಿಂದಲೋ ತಪ್ಪಿಸಿಕೊಂಡ ಕುರಿಯೊಂದು ಹುಲ್ಲಿನಲ್ಲಿ ಹಾದುಹೋಯಿತು. ಅದರ ಕೊರಳಿನ ಗಂಟೆ ಕೇಳಿತು. ಗೌಸ್ ಪೀರ್ ಕೆಮ್ಮಿದ. ವೆಲ್ಡಿಂಗ್ ಹೊಗೆ ಕುಡಿದ ಎದೆ.

"ಸಾಕು ಬರ್ರಿ," ಎಂದು ಕೂಗಿದಳು ಶೈಲಜಾ, ಅವನಿಗೆ. "ಮುದ್ದೆ ಆರ್ತೈತೆ."

೮
ಮೊದಲು ಗೊತ್ತಾದದ್ದು ಕೈಗೆ. ಸಾರು ಬಡಿಸುತ್ತಿದ್ದ ಕೈ ನಿಂತಿತು.

ತಂತಿ, ಗಂಟೆ, ಕೆಮ್ಮು, ಮಾತು. ಅದೇ ವರಸೆ, ಅದೇ ನಡುವಿನ ಬಿಡುವು. ಎಷ್ಟೋ ಸಲ ಕೇಳಿ ಕಿವಿಯಲ್ಲಿ ಕೂತದ್ದು ಈಗ ಕಿವಿಯ ಹೊರಗೆ ಆಗಿತ್ತು.

ಅವನು ಬದುಕಿದ್ದಾಗ ಹಿಡಿದ ರೆಕಾರ್ಡಿಂಗಿನಲ್ಲಿ ಈ ಹೊತ್ತು ಇತ್ತು. ಹಳೆಯ ಎಳೆ ಆ ಕಡೆಯಿಂದ ಬಂದು, ಇವಳು ಬರುವುದನ್ನೇ ಕಾಯುತ್ತಿತ್ತು.

ಗೌಸ್ ಪೀರ್ ಸ್ಪ್ಯಾನರ್ ಹಿಡಿದುಕೊಂಡೇ ಓಡಿಬಂದ. ಅವನಿಗೂ ಗೊತ್ತಾಗಿತ್ತು. "ಯಾ ಅಲ್ಲಾ. ಆ ಕೆಮ್ಮು ನಂದಾ? ನನ್ ಕೆಮ್ಮು ನಂಗೇ ಗುರ್ತು ಸಿಗ್ಲಿಲ್ವಲ್ಲ!" ರೆಕಾರ್ಡರಿನತ್ತ ಕೈ ಚಾಚಿದ. "ಬಂದ್ ಮಾಡಿ ಭಾಬಿ. ಹೋಗಾಣ."

"ಬೇಡ."

"ಅಲ್ಲ, ಏನಾರ..."

"ಮುಟ್ಬ್ಯಾಡ್ರಿ ಅಣ್ಣ. ಅವ್ರ ತುದಿ ಇಲ್ಲಿಗೇ ಮುಗೀತೈತೆ. ಇಲ್ಲಿಂದಾಚೆ ಏನೈತೋ ಅವ್ರೂ ಕೇಳಿಲ್ಲ."

ಫೋನ್ ತೆಗೆದು, ಗೋವರ್ಧನನಿಗೆ ಒಂದೇ ಸಾಲು ಟೈಪ್ ಮಾಡಿದಳು: ಫೇಡ್ ಬೇಡ, ತುಂಡಾದ ಹಾಗೇ ಬಿಡಿ, ಇಲ್ಲದಿದ್ದರೆ ರೆಕಾರ್ಡೇ ಬೇಡ. ಕಳಿಸಿ, ಫೋನನ್ನು ಹುಲ್ಲಿನ ಮೇಲೆ ಮಗುಚಿಟ್ಟಳು.

೯ (ಮುಕ್ತಾಯಗಳು, ಬೇಕಾದವರಿಗೆ)
ಮೊದಲನೆಯದು: ಏನೂ ಆಗಲಿಲ್ಲ. ಉಂಡರು, ಬೈಕು ಹತ್ತಿದರು. ಗೋವರ್ಧನ ಹೂಂ ಅಂದ. ರೆಕಾರ್ಡು ಬಂತು. (ಇದನ್ನು ಓದಿದ ಗೌಸ್ ಪೀರ್: "ಇದೇ ಇರ್ಲಿ ಮೇಡಂ. ಪ್ಲೀಸ್.")

ಎರಡನೆಯದು: ಅವಳ ಕರೆಗೆ ಉತ್ತರ ಬಂತು. ಏನೆಂದು ಬಂತು ಅನ್ನುವುದನ್ನು ಮೂರು ಬಗೆಯಲ್ಲಿ ಬರೆದೆ. ಮೂರನ್ನೂ ಅಳಿಸಿದೆ. ಸತ್ತವರಿಗೆ ಮಾತು ಬರೆದುಕೊಡುವುದು ಬಹಳ ಸುಲಭ. ಅದೇ ತೊಂದರೆ.

ಮೂರನೆಯದನ್ನು ಶೈಲಜಾ ಬರೆಯಗೊಡಲಿಲ್ಲ.

"ಅಲ್ಲಿ ಏನು ಕೇಳ್ಸಿತು ಹೇಳಮ್ಮ," ಎಂದು ಕೇಳಿದೆ.

"ನೀವು ಬರೆಯೋರು. ನಿಮಗೆ ಗೊತ್ತಿರಬೇಕಲ್ಲ?"

ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಉತ್ತರ ಬಂದಿದ್ದರೆ ಹೇಗೆ ತಡೆದುಕೊಳ್ಳುವುದು, ಬಂದಿಲ್ಲದಿದ್ದರೆ ಹೇಗೆ. ಆ ಎರಡರ ಮಧ್ಯೆ ಒಂದು ಗೇಣು ಜಾಗ ಇದೆ. ಬದುಕಲು ಅಷ್ಟು ಸಾಕಾಗುತ್ತದೆ.

೯
ಆದ್ದರಿಂದ ಕತ್ತರಿಸುವುದಿಲ್ಲ. ಮರದ ಬುಡದಲ್ಲಿ ಇಬ್ಬರೂ ಕೂತಿದ್ದಾರೆ. ಗೌಸ್ ಪೀರ್ ತಟ್ಟೆಗಳ ಕಡೆ ನೋಡಿದ, ಶೈಲಜಾಳ ಕಡೆ ನೋಡಿದ.

"ಭಾಬಿ, ಮೂರು ಹಾಕಿದೀರ."

"ಕೈಗೆ ರೂಢಿ," ಎಂದಳು. ಮೂರನೆಯದನ್ನು ತೆಗೆಯಲಿಲ್ಲ.

ಕುರಿ ಎತ್ತ ಹೋಯಿತೋ. ಕೆಂಪು ದೀಪ ಉರಿಯುತ್ತಿದೆ. ನಿಮ್ಮ ಹತ್ತಿರ ಬೂದಿ ಇದ್ದರೆ ಬೆರಳಿಗೆ ಹಚ್ಚಿಕೊಳ್ಳಿ. ಇಲ್ಲಿಂದ ನಿಮ್ಮ ಕೈ. ತಂತಿ ಮತ್ತೆ ಶುರುವಾಯಿತು, ಈ ಸಲ ಹತ್ತಿರದಿಂದ, ಹುಲ್ಲು ಇನ್ನೂ