ಪಂಪಿನ ಮುರ್ತುಜಾಸಾಬರು

ಮುರ್ತುಜಾಸಾಬರನ್ನು ಏನು ಕೇಳಿದರೂ ಉತ್ತರ ಬರಲು ತಡವಾಗುತ್ತಿತ್ತು. ಚಹಾ ಕುಡಿಯುತ್ತೀರಾ ಎಂಬ ಸರಳ ಪ್ರಶ್ನೆಗೂ ಅವರು ತಲೆಯನ್ನು ತುಸು ಎಡಕ್ಕೆ ವಾಲಿಸಿ, ದೃಷ್ಟಿಯನ್ನು ನೆಲದ ಮೇಲೆ ಎಲ್ಲೋ ಊರಿ, ತುಟಿಗಳನ್ನು ಕಂಡೂ ಕಾಣದಂತೆ ಅಲುಗಿಸುತ್ತ ನಿಲ್ಲುತ್ತಿದ್ದರು. ತನ್ನ ಮಾತು ತಲುಪಲಿಲ್ಲವೇನೋ ಎಂದು ಕೇಳಿದವನು ಮತ್ತೊಮ್ಮೆ ಬಾಯಿ ತೆರೆಯುವ ಹೊತ್ತಿಗೆ "ಕುಡೀತೇನ್ರಿ" ಎಂಬ ಉತ್ತರ ಬರುತ್ತಿತ್ತು. ಕಿವಿ ಮಂದವೆಂದು ಕೆಲವರು, ಬುದ್ಧಿಯೇ ಮಂದವೆಂದು ಕೆಲವರು ತಿಳಿದಿದ್ದರು. ಎರಡೂ ನಿಜವಲ್ಲ. ಮೂವತ್ತು ವರ್ಷ ಪಿಸ್ಟನ್ ಪಂಪುಗಳ ಮುಂದೆ ನಿಂತು ಅವುಗಳ ಏರಿಳಿತವನ್ನು ಎಣಿಸುತ್ತ ಬಂದ ಆ ಮನುಷ್ಯನಿಗೆ, ಎಣಿಕೆ ಮುಗಿಯದೆ ಮಾತಾಡಬಾರದೆಂಬ ನಿಯಮ ಮೈಗೇ ಹತ್ತಿಬಿಟ್ಟಿತ್ತು.

ನಾನು ವಿಜಯಪುರದ ಕಡೆಯ ಇಂಡಿ ಎಂಬ ಊರಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುವವನು. ಯಂತ್ರಗಳ ವಿಷಯ ನನಗೆ ತಿಳಿದದ್ದು ಕಡಿಮೆ. ಆದರೆ ನನ್ನ ಅಣ್ಣ ವಿಠ್ಠಲನಿಗೆ ಊರ ಹೊರಗೆ ಒಣದ್ರಾಕ್ಷಿಯ ರಟ್ಟಿನ ಡಬ್ಬಿಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆ ಇರುವುದರಿಂದ, ರಜೆಯ ದಿನಗಳಲ್ಲಿ ಅಲ್ಲಿ ಕೂತು ನೋಡಿ ಒಂದಿಷ್ಟು ಕಲಿತಿದ್ದೇನೆ. ಡಬ್ಬಿಗಳನ್ನು ಅಂಟಿಸುವ ಯಂತ್ರದಲ್ಲಿ ಒಂದು ತೊಟ್ಟಿ. ಅದರಲ್ಲಿ ಹರಳಿನಂಥ ಅಂಟು ಕರಗಿ ದ್ರವವಾಗುತ್ತದೆ. ಗಾಳಿಯ ಬಲದಿಂದ ಮೇಲೆ ಕೆಳಗೆ ಆಡುವ ಪಂಪು ಆ ಅಂಟನ್ನು ಎತ್ತಿ, ದಪ್ಪನೆಯ ಪೈಪಿನ ಮೂಲಕ ಅಂಟು ಚಿಮ್ಮಿಸುವ ಗನ್ನಿಗೆ ತಳ್ಳುತ್ತದೆ. ಗನ್ನು ರಟ್ಟಿನ ಅಂಚಿಗೆ ಒಂದೊಂದು ಗೆರೆ ಎಳೆಯುತ್ತದೆ. ಆ ಅಂಟಿನ ಬಿಸಿ ಕುದಿಯುವ ನೀರಿನದಕ್ಕಿಂತ ಎಷ್ಟೋ ಹೆಚ್ಚು. ನೀರಾದರೆ ಮೈಮೇಲಿಂದ ಹರಿದು ಹೋದೀತು. ಇದು ಬಿದ್ದಲ್ಲೇ ಹಿಡಿದು ಕೂರುತ್ತದೆ. ಅದಕ್ಕೆಂದೇ ಮುರ್ತುಜಾಸಾಬರು ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲೂ ಮಣಿಕಟ್ಟು ಮುಚ್ಚುವ ದಪ್ಪ ಕಂದು ಕೋಟು ತೊಟ್ಟು ಬರುತ್ತಿದ್ದರು. ಬಸ್ಸಿನಲ್ಲಿ ಜನ ನಗುತ್ತಿದ್ದರು. ಅವರು ಬೆವರುತ್ತ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಗಂಭೀರವಾಗಿ ಕೂತಿರುತ್ತಿದ್ದರು.

ಅವರದು ಕೊಲ್ಹಾರ. ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮೊದಲೇ ಸೊಲ್ಲಾಪುರಕ್ಕೆ ಹೋಗಿ ಕಾರ್ಖಾನೆಯೊಂದರಲ್ಲಿ ಈ ವಿದ್ಯೆ ಕಲಿತು, ಹೊಸ ಊರಿನಲ್ಲಿ ಮನೆಯಾದ ಮೇಲೆ ಮರಳಿ ಬಂದವರು. ಸಿಂದಗಿಯ ನೋಟುಬುಕ್ಕಿನ ಕಾರ್ಖಾನೆ, ಮುದ್ದೇಬಿಹಾಳದ ನೀರಿನ ಬಾಟಲಿಯವರು, ಬಸವನ ಬಾಗೇವಾಡಿಯ ಚಪ್ಪಲಿಯವರು, ದೇವರ ಹಿಪ್ಪರಗಿಯಲ್ಲಿ ತೊಗರಿಬೇಳೆಯ ಪ್ಯಾಕೆಟ್ಟಿನವರು, ಹೀಗೆ ಬಿಸಿ ಅಂಟಿನ ಪಂಪು ಇದ್ದಲ್ಲೆಲ್ಲ ಅವರಿಗೆ ಕರೆ ಇರುತ್ತಿತ್ತು. ಯಾವ ಯಂತ್ರವನ್ನೂ ಅವರು ಕೆಟ್ಟಿದೆ ಎನ್ನುತ್ತಿರಲಿಲ್ಲ. "ಅದಕ್ಕ ಬ್ಯಾಸರಾಗೈತ್ರಿ," ಎನ್ನುತ್ತಿದ್ದರು. ಯಾಕೆ ಬೇಸರವಾಗಿದೆ ಎಂಬುದನ್ನು ಹುಡುಕುವುದಷ್ಟೇ ತಮ್ಮ ಕೆಲಸ ಎಂಬಂತೆ.

ಸಿಂದಗಿಯಲ್ಲಿ ಒಮ್ಮೆ ಒಂದೇ ಪಂಪು ಮೂರು ತಿಂಗಳಲ್ಲಿ ನಾಲ್ಕು ಸಲ ನಿಂತಿತ್ತು. ಬೇರೆ ಮೂವರು ಬಂದು ಭಾಗಗಳನ್ನು ಬದಲಿಸಿ ಹೋಗಿದ್ದರು. ಮುರ್ತುಜಾಸಾಬರು ಪಂಪನ್ನು ಮುಟ್ಟಲೇ ಇಲ್ಲ. ಅರ್ಧ ದಿನ ಒಂದು ಸ್ಟೂಲಿನ ಮೇಲೆ ಕೂತು, ಕೆಲಸದವರು ಅಂಟಿನ ಚೀಲವನ್ನು ಕುಡುಗೋಲಿನಿಂದ ಸೀಳಿ ತೊಟ್ಟಿಗೆ ಸುರಿಯುವುದನ್ನು ನೋಡಿದರು. ಸೀಳಿದ ಚೀಲದ ಎಳೆಗಳು ಅಂಟಿನ ಜೊತೆ ಒಳಗಿಳಿದು, ಎತ್ತಿದ ಅಂಟು ಹಿಂದಿರುಗದಂತೆ ತಡೆಯುವ, ಪಂಪಿನ ತಳದ ಉಕ್ಕಿನ ಗೋಲಿಯ ಕೆಳಗೆ ಸಿಕ್ಕಿಕೊಳ್ಳುತ್ತಿದ್ದವು. "ಪಂಪಿಗೆ ಏನೂ ಆಗಿಲ್ರಿ. ಚೀಲ ಬಿಚ್ಚೂದು ಕಲೀರಿ," ಎಂದು ಹೇಳಿ ಎದ್ದು ಬಂದರು. ಈ ಕಥೆಯನ್ನು ಸಿಂದಗಿಯವರು ಹೇಳಿದ್ದೇ ಹೊರತು ಅವರಾಗಿ ಎಂದೂ ಹೇಳಲಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಅವರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಒಬ್ಬಳ ಜೊತೆ ಮಾತ್ರ. ಫರಹತ ಎಂಬ ಆ ಹುಡುಗಿ ಇಂಡಿಯವಳೇ, ತಂದೆಯಿಲ್ಲದವಳು, ತಾಯಿ ಇಮಾಮಬಿಯ ಜೊತೆ ಇರುವವಳು. ಡಬ್ಬಿ ಮಡಚುವ ಕೆಲಸಕ್ಕೆ ಸೇರಿ, ನಾಲ್ಕು ವರ್ಷದಲ್ಲಿ ಅಂಟಿನ ಯಂತ್ರವನ್ನು ನಡೆಸುವಷ್ಟು ಬೆಳೆದಿದ್ದಳು. ಪಂಪಿನ ಏರಿಳಿತವನ್ನು ಎಣಿಸುವುದನ್ನು ಸಾಬರಿಂದಲೇ ಕಲಿತಿದ್ದಳು. ಉಳಿದವರೆಲ್ಲ "ಮಷೀನ ಬಂದ್ ಬಿದ್ದೈತಿ" ಎಂದಷ್ಟೇ ಹೇಳುವಲ್ಲಿ ಅವಳು ಒಂದು ನಿಮಿಷದ ಲೆಕ್ಕ ಹೇಳುತ್ತಿದ್ದಳು.

ಹೋದ ವರ್ಷದ ಮಾರ್ಚ್. ದ್ರಾಕ್ಷಿ ಒಣಗಿ ಮಾರುಕಟ್ಟೆಗೆ ಹೊರಡುವ ಭರದ ದಿನಗಳು. ಪಂಪು ಸೊರಗಿತ್ತು, ಫೋನು ಮಾಡಿ ಮುರ್ತುಜಾಸಾಬರನ್ನು ಕರೆಸಿದವನು ನಾನೇ. ಬೆಳಗಿನ ಮೊದಲ ಬಸ್ಸಿಗೇ ಬಂದ ಅವರ ಮುಂದೆ ನಿಂತು ಫರಹತ ವಿವರವಾಗಿ ಹೇಳಿದಳು: "ಗನ್ನು ಬಂದ್ ಮಾಡಿದ್ರೂ ಪಂಪ್ ನಿಂದ್ರವಲ್ದು ಕಾಕಾ. ಗ್ಲೂ ಸಣ್ಣಾಗಿ ಬರಾಕತ್ತೈತಿ. ಅದಕ್ಕ ಗಾಳಿ ಏರಿಸಿ ನಡಸಾಕತ್ತೇವಿ."

ಸಾಬರು ಪಂಪಿನ ನೆತ್ತಿಯ ಮೇಲೆ ಎಡ ಅಂಗೈಯನ್ನಿಟ್ಟು ನಿಂತರು. ಗನ್ನು ಮುಚ್ಚಿದಾಗ ಅಂಟಿಗೆ ಹೋಗಲು ದಾರಿಯಿಲ್ಲ. ಆದ್ದರಿಂದ ಪಂಪು ಇದ್ದಲ್ಲೇ ನಿಲ್ಲಬೇಕು. ಇದು ಏರುವಾಗ ನಿಲ್ಲುತ್ತಿತ್ತು, ಇಳಿಯುವಾಗ ಮಾತ್ರ ಮೆಲ್ಲಗೆ ಕುಸಿಯುತ್ತಿತ್ತು. ಎಣಿಕೆ ಮುಗಿಸಿ, "ತಳದ ಗೋಲಿ ಕೂಡವಲ್ದು. ಎತ್ತಿದ ಗ್ಲೂ ತಿರಗಿ ತೊಟ್ಟಿಗೇ ಹೊಂಟೈತಿ," ಎಂದರು. ಗಾಳಿ ಬಂದ್ ಮಾಡಿ, ಒಳಗೆ ಉಳಿದ ಒತ್ತಡವನ್ನು ಗನ್ನಿನಿಂದ ಬಿಟ್ಟು, ಪಂಪನ್ನು ಬಿಚ್ಚಿದರು. ಅವರು ಹೇಳಿದಂತೆಯೇ ಇತ್ತು: ಕರಕಾದ ಅಂಟು ಕಲ್ಲಿನಂತೆ ಗಟ್ಟಿಯಾಗಿ, ಗೋಲಿ ಕೂರುವ ಬಾಯಿಯ ಅಂಚನ್ನು ಕಚ್ಚಿ ತಿಂದಿತ್ತು. ಗೋಲಿ, ಬಾಯಿ, ಸವೆದ ಸೀಲು ಎಲ್ಲವನ್ನೂ ಬದಲಿಸಿ, ಒರೆಸಿ, ಕೂಡಿಸಿ, ಮತ್ತೆ ಗಾಳಿ ಬಿಡುವ ಹೊತ್ತಿಗೆ ನಾಲ್ಕು ಗಂಟೆಯಾಗಿತ್ತು. ಗನ್ನು ಮುಚ್ಚಿದರೆ ಪಂಪು ಅಚಲವಾಗಿ ನಿಂತಿತು. ಫರಹತ ಎಣಿಸಿ ನೋಡಿ ನಕ್ಕಳು.

ಮುರ್ತುಜಾಸಾಬರು ಕೈ ಒರೆಸಿಕೊಳ್ಳುತ್ತ ಯಂತ್ರವನ್ನು ನೋಡುತ್ತ ನಿಂತಿದ್ದರು. ತುಟಿ ಅಲುಗುತ್ತಿತ್ತು. ನಾಲ್ಕೂಕಾಲಿಗೆ ವಿಜಯಪುರದ ಬಸ್ಸು. ಅದು ತಪ್ಪಿದರೆ ಅಲ್ಲಿಂದ ಕೊಲ್ಹಾರಕ್ಕೆ ಹೋಗುವುದು ಕಷ್ಟ. ನಾನು ಬೈಕು ಚಾಲೂ ಮಾಡಿ, "ಬಸ್ ತಪ್ಪತದ, ಬರ್ರಿ ಸಾಬರ," ಎಂದೆ. ಅವರು ಬರಲಿಲ್ಲ. ಮತ್ತೊಮ್ಮೆ, ತುಸು ಗಟ್ಟಿಯಾಗಿ ಕರೆದೆ. ಅವರು ತಲೆಯಾಡಿಸಿ, ಚೀಲ ಎತ್ತಿಕೊಂಡು ಬಂದು ಹಿಂದೆ ಕೂತರು.

ಮೂರನೆಯ ದಿನ ಬೆಳಗಿನ ಹನ್ನೊಂದಕ್ಕೆ ಗನ್ನಿನ ಹತ್ತಿರ ಪೈಪು ಒಡೆಯಿತು. ಫರಹತಳ ಬಲಗೈ ಡಬ್ಬಿ ಒಡ್ಡುತ್ತ ಅಲ್ಲಿಯೇ ಇತ್ತು. ಅವಳನ್ನು ಮೊದಲು ವಿಜಯಪುರಕ್ಕೆ, ಅಲ್ಲಿಂದ ಸೊಲ್ಲಾಪುರಕ್ಕೆ ಒಯ್ದರು. ಎರಡು ಬೆರಳುಗಳನ್ನು ತೆಗೆದರು. ಉಳಿದ ಮೂರು ಒಂದಕ್ಕೊಂದು ಬೆಸೆದುಕೊಂಡು, ಇಂದಿಗೂ ಮಡಚುವುದಿಲ್ಲ.

ವಿಠ್ಠಲಣ್ಣ ಯಾರ ಮೇಲೂ ದೂರು ಹಾಕಲಿಲ್ಲ. ಪೈಪು ಆರು ವರ್ಷ ಹಳೆಯದು, ಸುಗ್ಗಿ ಮುಗಿದ ಮೇಲೆ ಬದಲಿಸೋಣವೆಂದು ತಾನೇ ಮುಂದೂಡಿದ್ದೆನೆಂದು ಬಂದವರೆದುರಿಗೆಲ್ಲ ಹೇಳಿದ. ಚಿಕಿತ್ಸೆಯನ್ನೂ ತಾನೇ ವಹಿಸಿಕೊಂಡ. ಮುರ್ತುಜಾಸಾಬರಿಗೆ ಈ ಸುದ್ದಿ ಯಾರಿಂದ ತಲುಪಿತೋ ತಿಳಿಯದು. ಕರೆಯದೆ ಎಂದೂ ಬಾರದಿದ್ದವರು ಮರುದಿನವೇ ಬಂದರು. ಒಡೆದ ಪೈಪನ್ನು ನೋಡಲಿಲ್ಲ, ಪಂಪನ್ನೂ ನೋಡಲಿಲ್ಲ. ನೇರವಾಗಿ ಗಾಳಿಯ ಒತ್ತಡ ತೋರಿಸುವ ಮುಳ್ಳಿನ ಮುಂದೆ ಹೋಗಿ ನಿಂತರು. ಬಹಳ ಹೊತ್ತು ನಿಂತರು.

"ಇದನ್ನ ನಾ ಇಳಸಲಿಲ್ಲ ಮಾಸ್ತರ್ರ," ಎಂದರು. "ಪಂಪ್ ಒಳಗ ಸೋರತಿತ್ತು. ಏರಿಸಿದ ಗಾಳಿ ಜೋರೆಲ್ಲಾ ಅಲ್ಲೇ ಹೋಗತಿತ್ತು, ಪೈಪಿಗೆ ಮುಟ್ಟತಿರಲಿಲ್ಲ. ನಾ ಸೋರೂದು ನಿಲ್ಲಿಸಿದೆ. ಗಾಳಿ ಹಂಗೇ ಬಿಟ್ಟೆ. ಆಕಿ ನನಗ ಅವತ್ತ ಮುಂಜಾನೇನ ಹೇಳಿದ್ಲು."

"ಪೈಪೇ ಹಳೇದಿತ್ತು ಸಾಬರ," ಎಂದ ವಿಠ್ಠಲಣ್ಣ. "ಇವತ್ತಲ್ಲ ನಾಳೆ ಒಡೀತಿತ್ತು."

ಸಾಬರು ಎಂದಿನಂತೆ ತಡೆದು ಹೇಳಿದರು: "ನಾಳೆ ಒಡದಿದ್ರ ಆಕಿ ಕೈ ಅಲ್ಲಿ ಇರತಿತ್ತೋ ಇಲ್ಲೋ ಸಾವ್ಕಾರ್ರ."

ಅವಸರ ಮಾಡಿದವನು ನಾನು. ಬಸ್‌ಸ್ಟ್ಯಾಂಡಿಗೆ ಬಿಡುವಾಗ ಅದನ್ನು ಹೇಳಿಯೂ ಬಿಟ್ಟೆ. ಅವರಿಗೆ ಅದರಿಂದ ಸಮಾಧಾನವಾದೀತೆಂಬ ಆಸೆ ನನಗಿತ್ತು. ನನಗೂ ತುಸು ಹಗುರಾದೀತೆಂದು. "ನೀವು ಬಸ್ ನೋಡಿದ್ರಿ," ಎಂದರು ಅವರು. "ಮುಳ್ಳು ನೋಡೂದು ನನ್ನ ಕೆಲಸ ಇತ್ತು."

ತನಿಖೆಗೆ ಬಂದ ಅಧಿಕಾರಿಯೆದುರೂ ಅವರು ಹಾಜರಾದರು. ತಮ್ಮ ತಪ್ಪನ್ನು ಬರೆದುಕೊಳ್ಳಬೇಕೆಂದು ಕೈಮುಗಿದು ಕೇಳಿದರು. ಅಧಿಕಾರಿ ಕೆಟ್ಟವನಲ್ಲ; ತಾಳ್ಮೆಯಿಂದ ಎಲ್ಲವನ್ನೂ ಕೇಳಿ, "ನೀವು ಇಲ್ಲಿ ನೌಕರಿ ಮಾಡ್ತೀರೇನ್ರಿ?" ಎಂದ. ಇಲ್ಲವೆಂದರು. "ಹಂಗಾದ್ರ ನಿಮ್ಮ ಹೆಸರು ಯಾವ ಕಾಲಮ್ಮಿನಾಗ ಹಾಕಲಿ?" ಎಂದು ಕೇಳಿ, ಕಾಗದಗಳನ್ನು ಜೋಡಿಸಿಕೊಂಡು ಎದ್ದ. ವರದಿಯಲ್ಲಿ ಹಳೆಯ ಪೈಪು ಎಂದಷ್ಟೇ ಬಂತು.

ಫರಹತ ಮನೆಗೆ ಬಂದ ಮೇಲೆ ಅವರು ಅವಳನ್ನು ನೋಡಲು ಹೊರಟರು; ಒಬ್ಬರೇ ಹೋಗಲು ಧೈರ್ಯವಿಲ್ಲದೆ ನನ್ನನ್ನು ಕರೆದರು. ಇಮಾಮಬಿ ಚಾಪೆ ಹಾಸಿ, ಚಹಾ ಕೊಟ್ಟು, "ನಿಮ್ಮ ಮ್ಯಾಲ ನಮಗ ಏನೂ ಇಲ್ರಿ. ನೀವರ ಏನ ಮಾಡ್ತೀರಿ, ಅಲ್ಲಾನ ಮರ್ಜಿ," ಎಂದಳು. ಫರಹತ ಗೋಡೆಗೆ ಒರಗಿ, ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಸಾಬರು ಅವಳ ಮುಖವನ್ನೇ ನೋಡುತ್ತ, "ನೀ ನನಗ ಹೇಳಿದ್ದಿ ಬೇಟಿ. ಗಾಳಿ ಏರಿಸೇವಿ ಅಂತ ಹೇಳಿದ್ದಿ," ಎಂದರು.

ಅವಳು ಕೈಯ ಕೆಳಗಿನ ದಿಂಬನ್ನು ಸರಿಮಾಡಿಕೊಳ್ಳುತ್ತ, "ಹೇಳಿದ್ನೇನ್ರಿ? ನನಗ ನೆನಪಿಲ್ಲ ಕಾಕಾ," ಎಂದಳು.

ನಿಜವಾಗಿಯೂ ಮರೆತಿದ್ದಳೋ, ಆ ವೃದ್ಧನ ಭಾರವನ್ನು ಇಳಿಸಲೆಂದು ಮರೆತಳೋ, ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಆ ಮಾತು ಕೇಳಿದಾಗ ಸಾಬರ ಮುಖ ಹೇಗಾಯಿತೆಂಬುದನ್ನು ನೋಡಿದವನು ನಾನು. ತಾವು ಅಪರಾಧಿಯೆಂದು ನುಡಿಯಬಲ್ಲ ಒಬ್ಬಳೇ ಸಾಕ್ಷಿ ಕೈಬಿಟ್ಟಿದ್ದಳು. ಅವರು ಚಹಾ ಮುಟ್ಟದೆ ಎದ್ದರು.

ಆ ಮೇಲೆ ಅವರಿಗೆ ಹೊಸದೊಂದು ಹಟ ಹಿಡಿಯಿತು. ತಾವು ಯಾವ ಯಾವ ಊರಲ್ಲಿ ಪಂಪು ರಿಪೇರಿ ಮಾಡಿದ್ದರೋ ಆ ಎಲ್ಲ ಊರುಗಳಿಗೂ ಒಂದೊಂದಾಗಿ ಹೋಗತೊಡಗಿದರು. ಗೇಟಿನಲ್ಲಿ ನಿಂತು, "ಬರೇ ಮುಳ್ಳು ನೋಡಿ ಹೋಗ್ತೇನ್ರಿ," ಎನ್ನುವರು. ಮೊದಮೊದಲು ಒಳಗೆ ಬಿಟ್ಟರು. ಒಮ್ಮೆ ನೋಡಿ ಹೋದವರು ವಾರ ಬಿಟ್ಟು ಮತ್ತೆ ಬಂದಾಗ ಕಾರ್ಖಾನೆಯವರು ಬೇಸತ್ತರು. ಮುದ್ದೇಬಿಹಾಳದಲ್ಲಿ ಪುಣೆಯಿಂದ ಹೊಸ ಯಂತ್ರ ಬಂದಿತ್ತು. ಅದರ ಪಂಪು ಕೆಟ್ಟರೆ ಬಿಚ್ಚುವವರಿಲ್ಲ, ಇಡಿಯಾಗಿ ಕಿತ್ತು ಬೇರೆ ಕೂಡಿಸುತ್ತಾರೆ. ಅಲ್ಲಿಯ ಕಾವಲುಗಾರ ಮಾಳಿಂಗ ಅವರನ್ನು ಬಲ್ಲವನು. "ನಿಮ್ಮ ಪಂಪ್ ಇಲ್ಲೇ ಇಲ್ರಿ ಸಾಬರ, ಮನೀಗೆ ಹೋಗ್ರಿ," ಎಂದು ಹೇಳಿ ಬಸ್ಸು ಹತ್ತಿಸಿದನಂತೆ.

ಒಂದು ದಿನ ಕೊಲ್ಹಾರದಿಂದ ಅವರ ಹೆಂಡತಿ ಮೆಹರುನ್ನಿಸಾ ಫೋನು ಮಾಡಿದರು. ನಿದ್ದೆಯಿಲ್ಲ, ಊಟ ಅಷ್ಟಕ್ಕಷ್ಟೆ, ಎಣಿಸುತ್ತ ಕೂರುತ್ತಾರೆ, ಎಣಿಕೆ ತಪ್ಪಿದರೆ ಮೊದಲಿನಿಂದ ಶುರು ಮಾಡುತ್ತಾರೆ ಎಂದರು. ಮತ್ತೆ ಕೇಳಿದರು: "ನೀವರ ಅವರಿಗೆ ಒಂದ್ಸಲ ಬೈರಿ ಮಾಸ್ತರ್ರ. ಯಾರರ ಒಬ್ರು ಬಾಯಿ ಬಿಟ್ಟು ಬೈದ್ರ ಅವರಿಗೆ ನಿದ್ದಿ ಬರತೈತೇನೋ."

ಇಂಥ ಕೋರಿಕೆಯನ್ನು ನಾನು ಬದುಕಿನಲ್ಲಿ ಕೇಳಿರಲಿಲ್ಲ. ಕೊಲ್ಹಾರಕ್ಕೆ ಹೋದೆ. ಏನೇನು ಹೇಳಬೇಕೆಂದು ಬಸ್ಸಿನಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅವರು ಬಂದು ಎದುರಿಗೆ ಕೂತರು, ತಲೆ ಎಡಕ್ಕೆ ವಾಲಿಸಿದರು, ನನ್ನ ಮಾತಿಗಾಗಿ ಕಾದರು. ನಾನು ಈ ಸಲದ ಬಿಸಿಲಿನ ವಿಷಯ ಮಾತಾಡಿ ಎದ್ದು ಬಂದೆ. ಬೈಯಲು ನನಗೆ ಅಧಿಕಾರವಿರಲಿಲ್ಲ, ಅದಕ್ಕೆ ಬೇಕಾದ ತಿಳಿವಳಿಕೆಯೂ ಇರಲಿಲ್ಲ.

ಈಗ ಅವರು ಎಲ್ಲಿಗೂ ಹೋಗುವುದಿಲ್ಲ. ಹೋದ ತಿಂಗಳು ಅವರ ಮೊಬೈಲಿಗೆ ಫೋನು ಮಾಡಿದ್ದೆ. ಎತ್ತಿದವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮುರ್ತುಜಾಸಾಬ ಇಲ್ರಿ," ಎಂದರು.

ಅದು ಅವರದೇ ದನಿ.

"ಎಲ್ಲಿಗೆ ಹೋಗ್ಯಾರ್ರಿ?" ಎಂದೆ.

"ಗೊತ್ತಿಲ್ರಿ."

"ಬಂದ್ರ ನಾ ಕೇಳಿದೆ ಅಂತ ಹೇಳ್ರಿ."

"ಹೇಳ್ತೇನ್ರಿ," ಎಂದು ಇಟ್ಟರು.

ಪರರ ಯಂತ್ರಗಳನ್ನು ನಡೆಸಿಕೊಟ್ಟು ಪರರ ಊರಿನಿಂದ ಬಸ್ಸು ಹಿಡಿದು ಮನೆಗೆ ಮರಳುವ ಇಂಥ ಜನ ನಮ್ಮ ಸುತ್ತ ಅನೇಕರಿದ್ದಾರೆ. ಅವರ ಕೆಲಸ ಚೆನ್ನಾಗಿದ್ದಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಅವರನ್ನು ಹೊಗಳುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ಹೊಗಳಲು ಬಾರದ ನಮಗೆ ಅವರನ್ನು ದೂಷಿಸಲೂ ಬಾರದು. ಅವರ ಜಾಣ್ಮೆ ಎಷ್ಟು ಆಳದ್ದೆಂದು ಅಳೆಯದವರು ಅವರ ಒಂದು ಮರೆವು ಎಷ್ಟು ಆಳದ್ದೆಂದು ಹೇಗೆ ಅಳೆದೇವು? ಹೋಗಲಿ ಬಿಡಿ ಎನ್ನುತ್ತೇವೆ, ಹಣೆಬರಹ ಎನ್ನುತ್ತೇವೆ, ಚಹಾ ಕೊಡುತ್ತೇವೆ. ಇದನ್ನೇ ಕ್ಷಮೆಯೆಂದು ತಿಳಿಯುತ್ತೇವೆ. ಆದರೆ ತಪ್ಪನ್ನು ಅದರ ಪೂರ್ತಿ ಅಳತೆಯಲ್ಲಿ ಕಂಡವನು ಮಾತ್ರ ಅದನ್ನು ಮನ್ನಿಸಬಲ್ಲ. ಹಾಗೆ ಕಾಣಬಲ್ಲವರು ಈ ಜನರಿಗೆ ತಮ್ಮ ಹೊರತು ಬೇರೆ ಯಾರೂ ಇಲ್ಲ. ಮತ್ತು ತಮ್ಮ ಕೆಲಸದಲ್ಲಿ ತಮಗೆ ತಾವೇ ರಿಯಾಯಿತಿ ಕೊಟ್ಟುಕೊಳ್ಳುವುದನ್ನು ಅವರು ಎಂದೂ ಕಲಿತವರಲ್ಲ.